ಎಲ್ಲರಿಗೂ ಕೇಳಿಸುವ ಗುಟ್ಟು

ಸುಮಾರು 1970ರ ದಶಕದ ನಡುವಿನಿಂದ 2008ರವರೆಗೆ ಶಾರ್ಟ್‌ವೇವ್ ರೇಡಿಯೊದಲ್ಲಿ ಒಂದು ವಿಚಿತ್ರ ಪ್ರಸಾರ ಕೇಳಿಸುತ್ತಿತ್ತು. ಮೊದಲು ‘ಲಿಂಕನ್‌ಶೈರ್ ಪೋಚರ್’ ಎಂಬ ಇಂಗ್ಲಿಷ್ ಜಾನಪದ ಹಾಡಿನ ಧಾಟಿಯ ಒಂದು ತುಣುಕು. ಆಮೇಲೆ ಹೆಣ್ಣುದನಿಯೊಂದು ಐದೈದು ಅಂಕಿಗಳ ಗುಂಪುಗಳನ್ನು ಓದುತ್ತಾ ಹೋಗುತ್ತಿತ್ತು. ಕೇಂದ್ರದ ಹೆಸರಿಲ್ಲ, ವಿವರಣೆಯಿಲ್ಲ. ಹವ್ಯಾಸಿ ಕೇಳುಗರು ದಿಕ್ಕು ಅಳೆದು, ಇದು ಸೈಪ್ರಸ್‌ನಲ್ಲಿರುವ ಬ್ರಿಟಿಷ್ ವಾಯುನೆಲೆಯಿಂದ ಬರುತ್ತಿದೆಯೆಂದು ಗುರುತಿಸಿದರು. ಇಂಥವನ್ನು ‘ನಂಬರ್ಸ್ ಸ್ಟೇಷನ್’ ಎನ್ನುತ್ತಾರೆ. ನಾವು ಅಂಕಿ ಕೇಂದ್ರ ಎನ್ನೋಣ. ದೂರದ ದೇಶದಲ್ಲಿರುವ ತಮ್ಮ ಬೇಹುಗಾರರಿಗೆ ಸರ್ಕಾರಗಳು ಆದೇಶ ಕಳಿಸುವ ದಾರಿ ಇದು.

ಗುಟ್ಟಿನ ಮಾತನ್ನು ಇಡೀ ಜಗತ್ತಿಗೆ ಕೇಳುವಂತೆ ಏಕೆ ಹೇಳಬೇಕು? ಉತ್ತರವನ್ನು ಮೂರು ಹೆಜ್ಜೆಗಳಲ್ಲಿ ನೋಡೋಣ.

ಮೊದಲನೆಯದು ಅಲೆಯ ಗುಣ. ಶಾರ್ಟ್‌ವೇವ್ ಎಂದರೆ ಸುಮಾರು 3ರಿಂದ 30 ಮೆಗಾಹರ್ಟ್ಸ್ ಆವರ್ತನದ ಅಲೆಗಳು. ನಮ್ಮ ಎಫ್‌ಎಂ ಕೇಂದ್ರದ ಅಲೆ ಊರಾಚೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕ್ಷೀಣಿಸುತ್ತದೆ. ಶಾರ್ಟ್‌ವೇವ್ ಹಾಗಲ್ಲ. ಅದು ಮೇಲೇರಿ, ವಾತಾವರಣದ ತುದಿಯಲ್ಲಿರುವ ವಿದ್ಯುದಾವೇಶದ ಪದರಗಳಿಂದ, ಅಂದರೆ ಅಯಾನುಗೋಳದಿಂದ, ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ನೆಲದಿಂದ ಪುಟಿದು ಮತ್ತೆ ಮೇಲೇರುತ್ತದೆ. ಹೀಗೆ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಹಿಡಿಯಲು ಬೇಕಾದದ್ದು ಅಂಗಡಿಯಲ್ಲಿ ಸಿಗುವ ಮಾಮೂಲಿ ರೇಡಿಯೊ ಮತ್ತು ಒಂದಿಷ್ಟು ತಂತಿ.

ಎರಡನೆಯದು ಕೇಳುಗನ ಸುರಕ್ಷೆ. ರೇಡಿಯೊದಲ್ಲಿ ಮಾತನಾಡುವವನನ್ನು ಪತ್ತೆಹಚ್ಚಬಹುದು, ಸುಮ್ಮನೆ ಕೇಳುವವನನ್ನು ಪತ್ತೆಹಚ್ಚುವುದು ಬಹಳ ಕಷ್ಟ. ಈ ವ್ಯತ್ಯಾಸದ ಬೆಲೆ ಏನೆಂದು ಎರಡನೇ ಮಹಾಯುದ್ಧದಲ್ಲಿ ತಿಳಿಯಿತು. ಟಿಪ್ಪು ಸುಲ್ತಾನರ ವಂಶದ ನೂರ್ ಇನಾಯತ್ ಖಾನ್ 1943ರ ಜೂನ್‌ನಲ್ಲಿ ಬ್ರಿಟನ್ನಿನ ಪರವಾಗಿ ನಾಜಿಗಳ ಹಿಡಿತದಲ್ಲಿದ್ದ ಫ್ರಾನ್ಸಿಗೆ ರೇಡಿಯೊ ಆಪರೇಟರ್ ಆಗಿ ಹೋದರು. ಲಂಡನ್ನಿಗೆ ಸಂದೇಶ ಕಳಿಸಲೇಬೇಕಿತ್ತು. ಕಳಿಸಿದರೆ ದಿಕ್ಕು ಹುಡುಕುವ ಜರ್ಮನ್ ವಾಹನಗಳು ಬೆನ್ನು ಹತ್ತುತ್ತಿದ್ದವು. ಹಾಗಾಗಿ ಅವರು ಯಂತ್ರ ಹೊತ್ತು ಮನೆಯಿಂದ ಮನೆಗೆ ಅಲೆದರು. ಕಡೆಗೆ ದ್ರೋಹಕ್ಕೆ ಸಿಕ್ಕಿ ಆ ಅಕ್ಟೋಬರ್‌ನಲ್ಲಿ ಸೆರೆಯಾದರು. 1944ರ ಸೆಪ್ಟೆಂಬರ್‌ನಲ್ಲಿ ಡಾಖಾವ್ ಶಿಬಿರದಲ್ಲಿ ಅವರನ್ನು ಕೊಂದರು. ಅಂಕಿ ಕೇಂದ್ರದ ಕೇಳುಗನಿಗೆ ಈ ಅಪಾಯವಿಲ್ಲ. ಕೇಂದ್ರ ಹೇಳುತ್ತದೆ, ಅವನು ಬರೆದುಕೊಳ್ಳುತ್ತಾನೆ, ಅಷ್ಟೇ.

ಮೂರನೆಯದು ಬೀಗ. ಇದಕ್ಕೆ ‘ಒನ್-ಟೈಮ್ ಪ್ಯಾಡ್’ ಎಂದು ಹೆಸರು. ಲೆಕ್ಕ ಮಾಡಿಯೇ ನೋಡೋಣ. ‘ನಾಳೆ ಬಾ’ ಎಂಬುದಕ್ಕೆ 27418 ಎಂಬ ಸಂಖ್ಯೆ ಇಟ್ಟುಕೊಂಡಿದ್ದೇವೆ ಎನ್ನಿ. ಕಳಿಸುವವನ ಬಳಿಯೂ ಪಡೆಯುವವನ ಬಳಿಯೂ ಒಂದೇ ಬಗೆಯ ಚೀಟಿಯಿದೆ. ಅದರಲ್ಲಿ ಯಾವ ಕ್ರಮವೂ ಇಲ್ಲದೆ ಆರಿಸಿದ 58936 ಎಂಬ ಕೀಲಿಯಿದೆ. ಎರಡನ್ನೂ ದಶಕ ಒಯ್ಯದೆ ಕೂಡಿಸಿ: 2ಕ್ಕೆ 5 ಸೇರಿದರೆ 7; 7ಕ್ಕೆ 8 ಸೇರಿದರೆ 15, ಅದರಲ್ಲಿ 5 ಮಾತ್ರ ಬರೆಯಿರಿ. ಕೊನೆಗೆ ಸಿಗುವುದು 75344. ರೇಡಿಯೊದಲ್ಲಿ ಓದುವುದು ಇದನ್ನೇ. ಕೇಳಿದವನು ಅದೇ ಕೀಲಿಯನ್ನು ಅದೇ ರೀತಿ ಕಳೆದರೆ 27418 ಮರಳಿ ಬರುತ್ತದೆ.

ಕದ್ದು ಕೇಳಿದವನ ಪಾಡೇನು? ‘ಬರಬೇಡ’ ಎಂಬುದಕ್ಕೆ 90152 ಎಂಬ ಸಂಖ್ಯೆಯಿದ್ದರೆ, 85292 ಎಂಬ ಕೀಲಿ ಕೂಡ ಇದೇ 75344ನ್ನು ಕೊಡುತ್ತದೆ. ಕೂಡಿಸಿ ನೋಡಿ. ಅಂದರೆ ಅವನು ಎಲ್ಲ ಕೀಲಿಗಳನ್ನೂ ಪ್ರಯತ್ನಿಸಿದರೆ ಎಲ್ಲ ಉತ್ತರಗಳೂ ಬರುತ್ತವೆ. ಸರಿಯಾದದ್ದು ಯಾವುದೆಂದು ಮಾತ್ರ ತಿಳಿಯದು. ಕಂಪ್ಯೂಟರ್ ಎಷ್ಟು ವೇಗದ್ದಾದರೂ ಇಲ್ಲಿ ಕೈಚೆಲ್ಲಲೇಬೇಕು. ಇದನ್ನು ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಣಿತದಿಂದಲೇ ಸಾಧಿಸಿ ತೋರಿಸಿದರು.

ಆದರೆ ಷರತ್ತುಗಳಿವೆ. ಕೀಲಿಯಲ್ಲಿ ಕ್ರಮ ಇರಕೂಡದು, ಅದು ಸಂದೇಶದಷ್ಟೇ ಉದ್ದವಿರಬೇಕು, ಗುಟ್ಟಾಗಿರಬೇಕು, ಒಮ್ಮೆ ಬಳಸಿದ ಮೇಲೆ ಸುಟ್ಟುಬಿಡಬೇಕು. ಸೋತವರು ಸೋತದ್ದು ಇಲ್ಲಿಯೇ. 1942ರಲ್ಲಿ ಸೋವಿಯತ್ ಒಕ್ಕೂಟ ಯುದ್ಧದ ಒತ್ತಡದಲ್ಲಿ ಕೆಲವು ಕೀಲಿ ಪುಟಗಳನ್ನು ಎರಡೆರಡು ಬಾರಿ ಅಚ್ಚು ಹಾಕಿತು. ಅವರ ತಂತಿ ಸಂದೇಶಗಳಲ್ಲಿ ಅಮೆರಿಕದ ತಜ್ಞರಿಗೆ ಆ ಪುನರಾವರ್ತನೆ ಕಾಣಿಸಿತು. ‘ವೆನೋನಾ’ ಎಂಬ ಆ ಕೆಲಸ ಅಣುಬಾಂಬಿನ ಗುಟ್ಟು ದಾಟಿಸಿದ ಕ್ಲಾಸ್ ಫುಕ್ಸ್ ಹೆಸರಿನವರೆಗೂ ತಲುಪಿತು.

ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿದ್ದುಕೊಂಡೇ ಕ್ಯೂಬಾಕ್ಕೆ ಕೆಲಸ ಮಾಡುತ್ತಿದ್ದ ಆನಾ ಮೊಂಟೆಸ್ ಕಥೆಯೂ ಅದೇ ಪಾಠ ಹೇಳುತ್ತದೆ. ಆಕೆ ಸೋನಿ ಶಾರ್ಟ್‌ವೇವ್ ರೇಡಿಯೊದಲ್ಲಿ ಅಂಕಿಗಳನ್ನು ಕೇಳಿ, ಲ್ಯಾಪ್‌ಟಾಪ್‌ನಲ್ಲಿ ಬಿಡಿಸುತ್ತಿದ್ದಳು. ಪ್ರಸಾರ ಯಾರಿಗೆಂದು ರೇಡಿಯೊ ಬಾಯಿಬಿಡಲಿಲ್ಲ. 2001ರಲ್ಲಿ ಎಫ್‌ಬಿಐ ಗುಟ್ಟಾಗಿ ಆಕೆಯ ಮನೆ ಹೊಕ್ಕು ಲ್ಯಾಪ್‌ಟಾಪ್‌ನ ಪ್ರತಿ ತೆಗೆದಾಗ, ಪೂರ್ತಿ ಅಳಿಯದೆ ಉಳಿದಿದ್ದ ಸಂದೇಶಗಳು ಸಿಕ್ಕವು. ಅದೇ ಸೆಪ್ಟೆಂಬರ್‌ನಲ್ಲಿ ಬಂಧನ, ಮರುವರ್ಷ 25 ವರ್ಷಗಳ ಶಿಕ್ಷೆ.

ಅಂತರ್ಜಾಲದ ಕಾಲದಲ್ಲೂ ಇಂಥ ಕೇಂದ್ರಗಳು ಪೂರ್ತಿ ಮಾಯವಾಗದಿರಲು ಕಾರಣವೂ ಕೇಳುಗನ ಸುರಕ್ಷೆಯೇ. ಮಿಂಚಂಚೆಗೆ ವಿಳಾಸ ಬೇಕು, ಮೊಬೈಲ್ ಟವರಿನಲ್ಲಿ ದಾಖಲೆ ಉಳಿಯುತ್ತದೆ. ರೇಡಿಯೊ ಅಲೆ ತನ್ನನ್ನು ಕೇಳಿದವರ ಪಟ್ಟಿ ಇಡುವುದಿಲ್ಲ.

ಇದು ಮನಸ್ಸಿಗೆ ನಾಟಬೇಕಾದರೆ ಗೆಳೆಯರೊಬ್ಬರ ಜೊತೆ ಆಡಿ ನೋಡಿ. 0ಯಿಂದ 9ರವರೆಗೆ ಹತ್ತು ಚೀಟಿ ಬರೆದು ಡಬ್ಬಿಗೆ ಹಾಕಿ. ಒಂದೊಂದಾಗಿ ಎತ್ತಿ, ಅಂಕಿ ಬರೆದುಕೊಂಡು, ಪ್ರತಿ ಸಲವೂ ಚೀಟಿಯನ್ನು ಡಬ್ಬಿಗೆ ಮರಳಿಸಿ ಕುಲುಕಿ. ಹೀಗೆ ಆದ ಕೀಲಿಯ ಎರಡು ಪ್ರತಿ ಮಾಡಿ, ಮೇಲಿನ ಲೆಕ್ಕದಂತೆ ಸಂದೇಶ ಕಳಿಸಿ. ಎರಡನೇ ಸಂದೇಶಕ್ಕೆ ಹೊಸ ಕೀಲಿ ಮಾಡಬೇಕಲ್ಲ ಎಂದು ಬೇಸರ ಬಂದರೆ, ಸೋವಿಯತ್ ಅಚ್ಚುಕೂಟ ಎಡವಿದ್ದು ಎಲ್ಲಿ ಎಂಬುದು ನಿಮಗೆ ಚೆನ್ನಾಗಿ ಅರ್ಥವಾಗಿದೆ ಎಂದೇ ಲೆಕ್ಕ.