ಕೊಡಗಿನ ರಾಜಕುಮಾರಿ ಗೌರಮ್ಮ



ಮಹಾಗಾಂವದ ಮಗಳನ್ನು ಗಡಹಿಂಗ್ಲಜಕ್ಕೆ ಕೊಟ್ಟರೆ ನಮಗೆ ಚಿಂತೆ ಇಲ್ಲ. ಪಂಚಮಿ ಬಂತಂದ್ರೆ ಅಣ್ಣ ಹೋಗಿ ಕರೆದುಕೊಂಡು ಬರುತ್ತಾನೆ. ಆದರೆ ಒಬ್ಬ ರಾಜನ ಮಗಳು ಚಿಕ್ಕ ವಯಸ್ಸಿನಲ್ಲೇ ಸಮುದ್ರ ದಾಟಿ ಹೋದಳು. ಮತ್ತೆ ತಿರುಗಿ ಬರಲೇ ಇಲ್ಲ. ಆಕೆಯ ಕಥೆ ಇವತ್ತು ಓದೋಣ.

ಕೊಡಗು ಕರ್ನಾಟಕದ ಗುಡ್ಡಗಾಡು ನಾಡು. ಕಾವೇರಿ ನದಿ ಹುಟ್ಟುವುದು ಅಲ್ಲಿಯೇ. ಅಲ್ಲಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ. 1834ರಲ್ಲಿ ಇಂಗ್ಲಿಷರು ಆತನ ರಾಜ್ಯ ಕಿತ್ತುಕೊಂಡರು. ರಾಜನನ್ನು ಗಡಿಪಾರು ಮಾಡಿದರು. ಮುಂದೆ ಆತ ಕಾಶಿಯಲ್ಲಿ ಉಳಿದ. ಅಲ್ಲಿಯೇ 1841ರಲ್ಲಿ ಗೌರಮ್ಮ ಹುಟ್ಟಿದಳು. ಹೆಸರಿಗೆ ಕೊಡಗಿನ ರಾಜಕುಮಾರಿ. ಹುಟ್ಟಿದ್ದು ಮಾತ್ರ ಪರಊರಿನಲ್ಲಿ.

1852ರಲ್ಲಿ ರಾಜ ಮಗಳ ಜೊತೆ ಲಂಡನ್ನಿಗೆ ಹೋದ. ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿದ್ದ ತನ್ನ ಮನೆತನದ ಹಣವನ್ನು ವಾಪಸು ಕೇಳಬೇಕಾಗಿತ್ತು. ಮಗಳನ್ನು ವಿಕ್ಟೋರಿಯಾ ರಾಣಿಯ ಆಶ್ರಯಕ್ಕೆ ಒಪ್ಪಿಸಿದ. ಅದೇ ವರ್ಷ ಗೌರಮ್ಮ ಕ್ರೈಸ್ತಳಾದಳು. ರಾಣಿ ತಾನೇ ಧರ್ಮತಾಯಿಯಾಗಿ ನಿಂತಳು. ತನ್ನ ಹೆಸರನ್ನೇ ಇಟ್ಟು, ವಿಕ್ಟೋರಿಯಾ ಗೌರಮ್ಮ ಎಂದು ಕರೆದಳು. ದೊಡ್ಡ ಕಲಾವಿದನಿಂದ ಆಕೆಯ ಚಿತ್ರ ಬರೆಸಿದಳು. ಆ ಚಿತ್ರ ಇವತ್ತಿಗೂ ಉಳಿದಿದೆ.

ಹುಡುಗಿ ಇಂಗ್ಲಿಷ್ ಮನೆತನಗಳಲ್ಲಿ ಬೆಳೆದಳು. ಅರಮನೆಗೆ ಹೋಗಿಬರುತ್ತಿದ್ದಳು. ಉಡಲು ರೇಷ್ಮೆ ಇತ್ತು, ತೊಡಲು ಒಡವೆ ಇತ್ತು. ಆದರೆ ತನ್ನ ಭಾಷೆಯಲ್ಲಿ ಸುಖ ದುಃಖ ಹೇಳಿಕೊಳ್ಳಲು ಸುತ್ತ ಯಾರಿದ್ದರು? ನೀವೇ ಯೋಚಿಸಿರಿ.

ಆಗ ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ ಸಹ ಇಂಗ್ಲೆಂಡಿನಲ್ಲಿದ್ದ. ಆತನೂ ರಾಜ್ಯ ಕಳೆದುಕೊಂಡವನೇ. ಇವರಿಬ್ಬರ ಮದುವೆ ಆಗಲಿ ಎಂದು ರಾಣಿ ಬಯಸಿದಳು. ದುಲೀಪ್ ಸಿಂಗ್ ಒಪ್ಪಲಿಲ್ಲ. 1859ರಲ್ಲಿ ತಂದೆ ಲಂಡನ್ನಿನಲ್ಲೇ ತೀರಿಕೊಂಡ. 1860ರಲ್ಲಿ ಗೌರಮ್ಮ, ಜಾನ್ ಕ್ಯಾಂಪ್‌ಬೆಲ್ ಎಂಬ ಇಂಗ್ಲಿಷ್ ಸೇನೆಯ ಅಧಿಕಾರಿಯನ್ನು ಮದುವೆಯಾದಳು. ಆತ ಆಕೆಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವ. ಮರುವರ್ಷ ಒಂದು ಹೆಣ್ಣು ಮಗು ಹುಟ್ಟಿತು. ಅದಕ್ಕೆ ಈಡಿತ್ ಎಂದು ಹೆಸರಿಟ್ಟರು.

1864ರಲ್ಲಿ ಗೌರಮ್ಮ ತೀರಿಕೊಂಡಳು. ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿ ಇದೆ. ಕೊಡಗನ್ನು ಆಕೆ ಕಣ್ಣಾರೆ ನೋಡಲೇ ಇಲ್ಲ.

ಈ ಕಥೆ ಯಾಕೆ ಹೇಳಿದೆ ಗೊತ್ತೇನ್ರಿ? ಗೌರಮ್ಮನಿಗೆ ರಾಣಿಯ ಪ್ರೀತಿ ಸಿಕ್ಕಿತು. ಆದರೆ ಎಲ್ಲಿ ಇರಬೇಕು, ಯಾವ ಧರ್ಮ ಹಿಡಿಯಬೇಕು ಎಂಬುದನ್ನು ಆಕೆ ಚಿಕ್ಕವಳಿದ್ದಾಗಲೇ ಹಿರಿಯರು ತೀರ್ಮಾನಿಸಿದರು. ನಮ್ಮ ಮನೆಯಲ್ಲೂ ಇಂಥದ್ದು ನಡೆಯುತ್ತದೆ. "ಒಳ್ಳೇ ಮನೆತನ, ಬೇಗ ಕೊಟ್ಟುಬಿಡೋಣ" ಅಂತೀವಿ. ಹದಿನೆಂಟು ತುಂಬುವ ಮೊದಲು ಹುಡುಗಿಯ ಮದುವೆ ಮಾಡುವುದು ಕಾನೂನಿಗೆ ವಿರುದ್ಧ. ತುಂಬಿದ ಮೇಲೂ ಮಗಳನ್ನು ಎದುರಿಗೆ ಕೂಡಿಸಿಕೊಂಡು ಕೇಳಿರಿ: "ನಿನ್ನ ಮನಸ್ಸಿನಲ್ಲಿ ಏನಿದೆಯವ್ವಾ?" ಆಕೆ ಹೇಳುವುದನ್ನು ಪೂರ್ತಿ ಕೇಳಿರಿ.

ಹೊಸ ಪದಗಳು
ಗಡಿಪಾರು – ನಾಡಿನಿಂದ ಹೊರಗೆ ಕಳಿಸುವುದು
ಆಶ್ರಯ – ಆಸರೆ
ಧರ್ಮತಾಯಿ – ಕ್ರೈಸ್ತ ದೀಕ್ಷೆಯ ವೇಳೆ ತಾಯಿಯ ಸ್ಥಾನದಲ್ಲಿ ನಿಲ್ಲುವವಳು

ಓದಿ ಉತ್ತರ ಹೇಳಿರಿ
1. ಗೌರಮ್ಮ ಎಲ್ಲಿ ಹುಟ್ಟಿದಳು? ಯಾಕೆ ಅಲ್ಲಿ ಹುಟ್ಟಿದಳು?
2. ರಾಜ ಲಂಡನ್ನಿಗೆ ಯಾಕೆ ಹೋದ?
3. ನಿಮ್ಮ ಮದುವೆ ಮಾಡುವಾಗ ನಿಮ್ಮನ್ನು ಯಾರಾದರೂ ಕೇಳಿದ್ದರೇ? ನಾಲ್ಕು ಸಾಲು ಬರೆಯಿರಿ.