ಇಂಗ್ಲಿಷ್ ವ್ಯಾಕರಣಕ್ಕೆ ಮನೆಗನ್ನಡದ ಆಸರೆ

ಮಗಳೇ, ಮಗುವಿನ ಇಂಗ್ಲಿಷ್ ಗಟ್ಟಿಯಾಗಲಿ ಎಂದು ಮನೆಯಲ್ಲಿ ಕನ್ನಡ ಮಾತು ನಿಲ್ಲಿಸುವ ಯೋಚನೆಯಲ್ಲಿದ್ದೀರಂತೆ. ನೀನೂ ಅಳಿಯಂದಿರೂ ಓದಿದವರು. ಆದರೂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಲೇ ತಲೆ ನರೆಸಿಕೊಂಡವನಾಗಿ ಒಂದು ಮಾತು ಹೇಳುತ್ತೇನೆ: ಆ ತಪ್ಪು ಮಾಡಬೇಡಿ. ಮಗುವಿಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ ವ್ಯಾಕರಣ ಕನ್ನಡದ್ದೊಂದೇ. ಇನ್ನೊಂದನ್ನು ಅದರ ಮೇಲೆ ನಿಂತೇ ಕಲಿಯಬೇಕು.

ಮೊನ್ನೆ ಅವನು "ಐ ಡಿಡ್ ನಾಟ್ ವೆಂಟ್" ಅಂದ. "ವೆಂಟ್ ಅಲ್ಲ, ಗೋ" ಎಂದು ನೀನು ಗದರಿದೆ. ತಿದ್ದಿಕೊಂಡ, ಆದರೆ ಯಾಕೆಂದು ತಿಳಿಯಲಿಲ್ಲ. ಸಂಜೆಗೆ "ಡಿಡ್ ನಾಟ್ ಕೇಮ್" ಬಂತು. ಇನ್ನೊಮ್ಮೆ ಹೀಗಾದರೆ ಕೇಳಿ ನೋಡು: "ಮಾಮ ಬಂದ ಅಂತೀಯಲ್ಲ, ಬರದೇ ಇದ್ದರೆ ಬಂದಲಿಲ್ಲ ಅಂತೀಯಾ?" ನಕ್ಕುಬಿಡುತ್ತಾನೆ. 'ಬರಲಿಲ್ಲ' ಅನ್ನಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. 'ಇಲ್ಲ' ಸೇರಿದ ಕೂಡಲೇ 'ಬಂದ' ಎಂಬ ಭೂತಕಾಲದ ರೂಪ ಬಿದ್ದುಹೋಗಿ 'ಬರಲ್' ಉಳಿಯುತ್ತದೆ. ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಇದೇ ನಡೆ. ಕಾಲದ ಹೊರೆಯನ್ನು 'ಡಿಡ್' ಹೊತ್ತ ಮೇಲೆ ಮುಂದಿನ ಕ್ರಿಯಾಪದ ಮೂಲರೂಪದಲ್ಲಿದ್ದರೆ ಸಾಕು. ಇಷ್ಟು ತಿಳಿದರೆ 'ಡಿಡ್ ನಾಟ್ ಈಟ್', 'ಡಿಡ್ ನಾಟ್ ಸೀ' ಎಲ್ಲವೂ ತಾವಾಗಿ ಸರಿಹೋಗುತ್ತವೆ.

ಇಂಗ್ಲಿಷ್ ಬಾರದು ಎಂದು ನಿನ್ನ ಅತ್ತೆಯವರನ್ನು ಮಗುವಿನ ಓದಿನಿಂದ ದೂರ ಇಡಬೇಡ. ಅವರು ಹೇಳುವ ಕಥೆ ಕೇಳು: "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು." ಮೊದಲ ಸಲ ಬಂದವನು 'ಒಬ್ಬ ರಾಜ', ಪರಿಚಯವಾದ ಮೇಲೆ 'ಆ ರಾಜ'. 'ಎ ಕಿಂಗ್' ಯಾವಾಗ 'ದಿ ಕಿಂಗ್' ಆಗುತ್ತಾನೆ ಎಂಬುದರ ಬುಡ ಇಲ್ಲಿಯೇ ಇದೆ. 'ದಿ ಸನ್'ನಂಥ ಬಳಕೆಗಳು ಓದುತ್ತಾ ಓದುತ್ತಾ ಬರುತ್ತವೆ.

ಕನ್ನಡ ದಾರಿ ತಪ್ಪಿಸುವ ಕಡೆಗಳೂ ಇವೆ, ಅವನ್ನು ಗುರುತಿಟ್ಟುಕೊ. ನಮ್ಮ 'ಅಲ್ವಾ' ಎಲ್ಲ ವಾಕ್ಯಕ್ಕೂ ಹೊಂದುತ್ತದೆ. ಆದ್ದರಿಂದಲೇ ನಮ್ಮವರು "ಶಿ ಕೇಮ್, ಇಸಂಟ್ ಇಟ್?" ಅನ್ನುವುದು. ಅಲ್ಲಿ ಬೇಕಾದದ್ದು "ಡಿಡಂಟ್ ಶಿ?" 'ಅದರ ಬಗ್ಗೆ ಚರ್ಚಿಸಿದೆವು' ಎಂಬ ರೂಢಿಯಿಂದ 'ಡಿಸ್ಕಸ್' ಹಿಂದೆ 'ಅಬೌಟ್' ಅಂಟಿಕೊಳ್ಳುತ್ತದೆ, ಅದು ಬೇಡ. 'ನನಗೆ ಇಬ್ಬರು ಅಣ್ಣಂದಿರಿದ್ದಾರೆ' ಎಂಬುದಕ್ಕೆ 'ಐ ಹ್ಯಾವ್' ಸಾಕು, 'ಐ ಆಮ್ ಹ್ಯಾವಿಂಗ್' ಸಲ್ಲದು. ಎರಡು ಭಾಷೆಯ ನಡಿಗೆ ಎಲ್ಲಿ ಬೇರೆಯಾಗುತ್ತದೆ ಎಂದು ತೋರಿಸಿಕೊಡು, ಅವನೇ ಎಚ್ಚರವಹಿಸುತ್ತಾನೆ.

ತಿದ್ದುವುದಕ್ಕೂ ಒಂದು ರೀತಿ ಇದೆ. ನೆಂಟರೆದುರು ತಿದ್ದಬೇಡ. "ಐ ಕಮ್ಡ್ ಅರ್ಲಿ" ಅಂದರೆ "ಓ, ಯು ಕೇಮ್ ಅರ್ಲಿ? ವೈ?" ಎಂದು ಸರಿಯಾದ ರೂಪವನ್ನು ನಿನ್ನ ಮಾತಿನಲ್ಲಿ ಸೇರಿಸಿ ಮುಂದುವರಿ. 'ಕಮ್ಡ್' ಅಂದವನು 'ಇಡಿ' ಹಚ್ಚುವ ನಿಯಮವನ್ನು ತಾನಾಗಿ ಕಂಡುಕೊಂಡಿದ್ದಾನೆ, ಅದಕ್ಕೊಂದು ಮೆಚ್ಚುಗೆ ಇರಲಿ. ನಗೆಪಾಟಲಿಗೆ ಹೆದರಿ ಬಾಯಿ ಮುಚ್ಚಿದ ಮಗುವಿನಲ್ಲಿ ತಿದ್ದಲು ವಾಕ್ಯವೇ ಸಿಗುವುದಿಲ್ಲ.

ಪುಸ್ತಕದ ವಿಷಯ. ರೆನ್ ಅಂಡ್ ಮಾರ್ಟಿನ್ ಮನೆಯಲ್ಲಿರಲಿ, ಆದರೆ ಈ ವಯಸ್ಸಿಗೆ ಅದನ್ನು ಬಾಯಿಪಾಠ ಮಾಡಿಸಬೇಡ. ಅದು ಸಂದೇಹ ಬಂದಾಗ ತೆಗೆದು ನೋಡುವ ಪುಸ್ತಕ. ಈಗ ಪ್ರಥಮ್ ಬುಕ್ಸ್‌ನ ಕಥೆಗಳನ್ನು ಕೊಡು. ಅಲ್ಲಿ ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ, ಒಂದೇ ಕಥೆಯನ್ನು ಎರಡರಲ್ಲೂ ಓದಿಸಬಹುದು. ಹೈಸ್ಕೂಲಿಗೆ ಬಂದಾಗ ಮೈಸೂರಿನ ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕೊಡು. 1935ರಲ್ಲಿ ಬಂದ ಕಾದಂಬರಿಯಾದರೂ ವಾಕ್ಯಗಳು ತಿಳಿಯಾಗಿವೆ, ಹುಡುಗನೂ ನಮ್ಮ ಕಡೆಯವನೇ ಅನ್ನಿಸುತ್ತಾನೆ. ಗಟ್ಟಿಯಾಗಿ ಓದಿಸು. ಸರಿಯಾದ ವಾಕ್ಯ ಕಿವಿಗೆ ಬಿದ್ದಷ್ಟೂ ತಪ್ಪು ವಾಕ್ಯ ತಾನಾಗಿ ಕಿವಿಗೆ ಚುಚ್ಚುತ್ತದೆ.

ಊಟವಾದ ಮೇಲೆ ಒಂದು ಪುಟ ಓದಿ, ನಡೆದದ್ದನ್ನು ಮೊದಲು ಕನ್ನಡದಲ್ಲಿ ಅಜ್ಜಿಗೆ ಹೇಳಲಿ, ಆಮೇಲೆ ಇಂಗ್ಲಿಷಿನಲ್ಲಿ ನಿನಗೆ. ಒಂದು ದಿನಕ್ಕೆ ಒಂದೇ ತಪ್ಪು ತಿದ್ದು. ಉಳಿದವಕ್ಕೆ ನಾಳೆ ಇದೆ.