ಉಳುಕಿದ ಕಾಲನ್ನು ತಿಕ್ಕಬಹುದೇ?

ಮಕ್ಕಳೇ, ಬೀಡಿಯ ಶಾಲೆಯ ಅಂಗಳದಲ್ಲಿ ಖೋಖೋ ಆಡುವಾಗ ಒಬ್ಬ ಹುಡುಗನ ಪಾದ ಹೊರಳಿತು ಎಂದುಕೊಳ್ಳೋಣ. ಮನೆಯಲ್ಲಿ ಅಜ್ಜಿ ಪ್ರೀತಿಯಿಂದ ಎಣ್ಣೆ ಬಿಸಿ ಮಾಡಿ ಗಟ್ಟಿಯಾಗಿ ತಿಕ್ಕುತ್ತಾರೆ. ಮರುದಿನ ನೋಡಿದರೆ ಬಾವು ಇನ್ನಷ್ಟು ಹೆಚ್ಚಿದೆ! 'ಕೆಟ್ಟ ರಕ್ತ ಸೇರಿದೆ, ಇನ್ನೂ ತಿಕ್ಕಬೇಕು' ಎನ್ನುವವರಿದ್ದಾರೆ. ಇದು ನಿಜವೇ?

ಒಳಗೆ ನಡೆಯುವುದೇನು?

ಕೀಲಿನಲ್ಲಿ ಎಲುಬುಗಳನ್ನು ಒಂದಕ್ಕೊಂದು ಬಿಗಿದಿಡುವ ಗಟ್ಟಿ ಪಟ್ಟಿಗಳಿವೆ. ಇವೇ ಅಸ್ಥಿರಜ್ಜುಗಳು. ಪಾದ ಹೊರಳಿದಾಗ ಇವು ಹಿಗ್ಗುತ್ತವೆ ಇಲ್ಲವೇ ಹರಿಯುತ್ತವೆ. ಜೊತೆಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಾದ ಲೋಮನಾಳಗಳೂ ಒಡೆಯುತ್ತವೆ. ರಕ್ತ ಸೋರಿ ಚರ್ಮದಡಿ ನಿಲ್ಲುತ್ತದೆ. ಸುತ್ತಲಿನ ನಾಳಗಳು ಹಿಗ್ಗಿ ಅವುಗಳಿಂದಲೂ ನೀರಿನಂಥ ದ್ರವ ಜಿನುಗುತ್ತದೆ. ಇದೇ ಬಾವು. ಅದು ಕೆಟ್ಟ ರಕ್ತವಲ್ಲ, ದುರಸ್ತಿ ಆರಂಭವಾದ ಗುರುತು.

ಒಡೆದ ನಾಳದ ಬಾಯಿಗೆ ರಕ್ತದಲ್ಲಿನ ಕಿರುತಟ್ಟೆಗಳು ಅಂಟಿಕೊಳ್ಳುತ್ತವೆ. ಫೈಬ್ರಿನ್ ಎಳೆಗಳು ಬಲೆ ಹೆಣೆದು ರಕ್ತ ಹೆಪ್ಪುಗಟ್ಟುತ್ತದೆ.

ಖಾನಾಪುರದ ಭತ್ತದ ಗದ್ದೆಯನ್ನು ನೆನೆಯಿರಿ. ಒಡ್ಡು ಒಡೆದರೆ ರೈತರು ಹಸಿ ಮಣ್ಣು ಮೆತ್ತುತ್ತಾರೆ. ಅದು ಗಟ್ಟಿಯಾಗುವ ಮೊದಲೇ ತುಳಿದರೆ ನೀರು ಮತ್ತೆ ನುಗ್ಗುತ್ತದೆ. ಗಾಯವಾದ ಕೂಡಲೇ ತಿಕ್ಕಿದರೂ ಹೀಗೆಯೇ. ಹಸಿ ಹೆಪ್ಪು ಕಿತ್ತು ರಕ್ತ ಮತ್ತೆ ಸೋರುತ್ತದೆ. ಬಿಸಿ ಎಣ್ಣೆಯ ಶಾಖಕ್ಕೆ ನಾಳಗಳು ಇನ್ನಷ್ಟು ಹಿಗ್ಗುತ್ತವೆ.

ಮಕ್ಕಳಿಗೆ ಹೆಚ್ಚಿನ ಎಚ್ಚರಿಕೆ ಏಕೆ?

ಬೆಳೆಯುವ ಮಕ್ಕಳ ಎಲುಬಿನ ತುದಿಯ ಬಳಿ ಮೃದ್ವಸ್ಥಿಯ ಪದರವಿದೆ. ಎಲುಬು ಉದ್ದವಾಗುವುದು ಅಲ್ಲಿಯೇ. ಅದು ಅಸ್ಥಿರಜ್ಜುವಿಗಿಂತ ನಾಜೂಕು. ಆದ್ದರಿಂದ ಉಳುಕು ಎಂದು ತಿಳಿದದ್ದು ಆ ಪದರದ ಮುರಿತವಾಗಿರಬಹುದು. ಅದನ್ನು ಎಳೆದು ತಿಕ್ಕಿದರೆ ಎಲುಬಿನ ಬೆಳವಣಿಗೆಗೇ ಧಕ್ಕೆಯಾಗಬಹುದು. ಪೆಟ್ಟಾದ ಮೊಣಕೈಯನ್ನು ಪದೇ ಪದೇ ತಿಕ್ಕಿದರೆ ಸ್ನಾಯುವಿನೊಳಗೆ ಎಲುಬು ಬೆಳೆದು ಕೈ ಮಡಚಲು ಬಾರದೆ ಹೋಗುವುದೂ ಉಂಟು.

ಏನು ಮಾಡಬೇಕು?

1. ಆಟ ನಿಲ್ಲಿಸಿ ಕಾಲಿಗೆ ವಿಶ್ರಾಂತಿ ಕೊಡಿ.
2. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10-15 ನಿಮಿಷ ಇಡಿ. ಬರಿ ಚರ್ಮಕ್ಕೆ ತಾಗಿಸಬೇಡಿ. ಮಂಜುಗಡ್ಡೆ ಇಲ್ಲದಿದ್ದರೆ ತಣ್ಣೀರಿನ ಬಟ್ಟೆ ಸಾಕು.
3. ಅಗಲ ಪಟ್ಟಿಯನ್ನು ಹದವಾಗಿ ಸುತ್ತಿ. ಬೆರಳು ಜುಮ್ಮೆಂದರೆ ಸಡಿಲಿಸಿ.
4. ಮಲಗಿದಾಗ ಕಾಲನ್ನು ದಿಂಬಿನ ಮೇಲಿಡಿ.
5. ಮೊದಲ ಎರಡು-ಮೂರು ದಿನ ತಿಕ್ಕುವುದು, ಬಿಸಿ ಶಾಖ ಎರಡೂ ಬೇಡ.

ಆಸ್ಪತ್ರೆಗೆ ಯಾವಾಗ?

ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಒಂದು ಸರಳ ನಿಯಮ ಪ್ರಕಟಿಸಿದರು. ಪಾದದ ಕೀಲಿಗೆ ಪೆಟ್ಟಾದವರು ನಾಲ್ಕು ಹೆಜ್ಜೆ ನಡೆಯಲಾರದಿದ್ದರೆ, ಅಥವಾ ಕೀಲಿನ ಪಕ್ಕದ ಎಲುಬನ್ನು ಒತ್ತಿದಾಗ ನೋವಾದರೆ ಎಕ್ಸ್-ರೇ ಬೇಕು. ಕೀಲು ಸೊಟ್ಟಗಾಗಿದ್ದರೆ, ಬೆರಳು ತಣ್ಣಗಾದರೆ ಅಥವಾ ಮರಗಟ್ಟಿದರೆ ತಡಮಾಡದೆ ಹೋಗಬೇಕು. 108ಕ್ಕೆ ಕರೆ ಮಾಡಬಹುದು.

ಅಳೆದು ನೋಡಿ

ಮನೆಯಲ್ಲಿ ಯಾರಿಗಾದರೂ ಕಾಲು ಉಳುಕಿದರೆ ಎರಡೂ ಕಾಲಿನ ಕೀಲಿನ ಸುತ್ತಳತೆಯನ್ನು ದಾರದಿಂದ ಮೆಲ್ಲಗೆ ಅಳೆಯಿರಿ. ದಿನವೂ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಅಳೆದು ಬರೆದಿಡಿ. ತಿಕ್ಕದಿದ್ದರೂ ಮೊದಲೆರಡು ದಿನ ಬಾವು ಏರಬಹುದು, ಗಾಬರಿ ಬೇಡ. ಇಳಿಯತೊಡಗಿದ್ದು ಯಾವ ದಿನ? ಲೆಕ್ಕವನ್ನು ಅಜ್ಜಿಗೂ ತೋರಿಸಿ, ಎಣ್ಣೆ ಏಕೆ ಕಾಯಬೇಕೆಂದು ತಿಳಿಸಿ.